ಹೆಕ್ಸೇನ್ ಹಾಕಿದರೂ ಬ್ರೋಮಿನ್ ನೀರಿನ ಬಣ್ಣ ಹೋಗುತ್ತದೆ, ಯಾಕೆ? (ಆಲ್ಕೇನ್–ಆಲ್ಕೀನ್ ಪರೀಕ್ಷೆಗಳು)

ಪ್ರನಾಳ_ಹಿಡಿಕೆ

ಪ್ರಥಮ ಪಿಯುಸಿ ಹೈಡ್ರೋಕಾರ್ಬನ್ ಪಾಠಕ್ಕೆ ಪ್ರಾತ್ಯಕ್ಷಿಕೆ ಸಿದ್ಧ ಮಾಡಬೇಕಿದೆ. ಆಲ್ಕೀನ್ (ಇಂಗಾಲಗಳ ನಡುವೆ ದ್ವಿಬಂಧ ಇರುವುದು) ಆದರೆ ಬ್ರೋಮಿನ್ ನೀರಿನ ಬಣ್ಣ ಹೋಗುತ್ತದೆ, ಆಲ್ಕೇನ್ (ಬರೀ ಏಕಬಂಧ) ಆದರೆ ಹೋಗುವುದಿಲ್ಲ ಎನ್ನುತ್ತದೆ ಪುಸ್ತಕ. ಆದರೆ ಫಲಿತಾಂಶ ಹೀಗಿದೆ:

2 ಮಿ.ಲೀ. ಹೆಕ್ಸೇನ್‌ಗೆ 2 ಮಿ.ಲೀ. ಬ್ರೋಮಿನ್ ನೀರು ಹಾಕಿ ಅಲ್ಲಾಡಿಸಿದರೆ ಕೆಳಗಿನ ನೀರು ಬಿಳಿಚಿಕೊಳ್ಳುತ್ತದೆ. ಎಲ್‌ಪಿಜಿ ಹಾಯಿಸಿದರೂ ನಿಧಾನವಾಗಿ ಬಣ್ಣ ಹೋಗುತ್ತದೆ. ಎಥನಾಲ್ ಮತ್ತು ಗಾಢ ಸಲ್ಫ್ಯೂರಿಕ್ ಆಮ್ಲದಿಂದ ಬಂದ ಅನಿಲವಂತೂ ಬ್ರೋಮಿನ್, ಪರ್ಮಾಂಗನೇಟ್ ಎರಡರ ಬಣ್ಣವನ್ನೂ ಕ್ಷಣದಲ್ಲಿ ತೆಗೆಯುತ್ತದೆ. ಮೂರಕ್ಕೂ ಪಾಸಿಟಿವ್ ಬಂದರೆ ಪರೀಕ್ಷೆಯಿಂದ ಗೊತ್ತಾಗುವುದಾದರೂ ಏನು?

ಬಟ್ಟಿಪಾತ್ರೆ

ಮೂರಕ್ಕೂ ಕಾರಣ ಬೇರೆ ಬೇರೆ. ಹೆಕ್ಸೇನ್‌ನದ್ದು ಮೊದಲು ನೋಡೋಣ.

ಕೆಳಗಿನ ಪದರ ಬಿಳಿಚಿತು ಎಂದಿದ್ದೀರಿ. ಮೇಲಿನ ಪದರ ಯಾವ ಬಣ್ಣಕ್ಕೆ ಬಂತು? ಅದು ಕಿತ್ತಳೆಯಾಗಿದ್ದರೆ ಅಲ್ಲಿ ಯಾವ ರಾಸಾಯನಿಕ ಕ್ರಿಯೆಯೂ ನಡೆದಿಲ್ಲ. ಬ್ರೋಮಿನ್ ಅಧ್ರುವೀಯ ಅಣು. ನೀರಿಗಿಂತ ಹೆಕ್ಸೇನ್‌ನಲ್ಲಿ ಎಷ್ಟೋ ಚೆನ್ನಾಗಿ ಕರಗುತ್ತದೆ. ಹೆಕ್ಸೇನ್‌ನ ಸಾಂದ್ರತೆ ಸುಮಾರು 0.66, ಹಾಗಾಗಿ ಅದು ಮೇಲೆ ತೇಲುತ್ತದೆ. ಅಲ್ಲಾಡಿಸಿದಾಗ ಬ್ರೋಮಿನ್ ಕೆಳಗಿನಿಂದ ಮೇಲಕ್ಕೆ ಮನೆ ಬದಲಿಸಿದೆ, ಅಷ್ಟೇ. ಅದೇ ಪ್ರನಾಳದಲ್ಲಿ ಆಲ್ಕೀನ್ ಆದ ಸೈಕ್ಲೋಹೆಕ್ಸೀನ್ ಇದ್ದರೆ ಎರಡೂ ಪದರಗಳು ನಿರ್ವರ್ಣವಾಗುತ್ತವೆ. ಹಾಗಾಗಿ "ಬಣ್ಣ ಹೋಯಿತೇ" ಎಂದಲ್ಲ, "ಬಣ್ಣ ಎಲ್ಲಿಗೆ ಹೋಯಿತು" ಎಂದು ನೋಡಬೇಕು.

ಇದನ್ನೇ ಒಳ್ಳೆಯ ಪ್ರಯೋಗವಾಗಿಸಬಹುದು. ಆ ಕಿತ್ತಳೆ ಬಣ್ಣದ ಮೇಲಿನ ಪದರವನ್ನು ಡ್ರಾಪರ್‌ನಿಂದ ಎಳೆದು ಎರಡು ಒಣ ಪ್ರನಾಳಗಳಿಗೆ ಸಮನಾಗಿ ಹಾಕಿ. ಒಂದಕ್ಕೆ ಕಪ್ಪು ಕಾಗದ ಸುತ್ತಿ ಕಪಾಟಿನಲ್ಲಿಡಿ. ಇನ್ನೊಂದಕ್ಕೆ ಸಡಿಲವಾಗಿ ಬಿರಡೆ ಇಟ್ಟು ನೇರ ಬಿಸಿಲಿನಲ್ಲಿಡಿ. ಬಿಸಿಲಿನದ್ದು ಕೆಲವೇ ನಿಮಿಷಗಳಲ್ಲಿ ಕಿತ್ತಳೆಯಿಂದ ಹಳದಿಗೆ, ಹಳದಿಯಿಂದ ನಿರ್ವರ್ಣಕ್ಕೆ ಬರುತ್ತದೆ. ಬಿರಡೆ ತೆಗೆದಾಗ ತೇವದ ಗಾಳಿಗೆ ಬಿಳಿ ಹೊಗೆ ಏಳುತ್ತದೆ, ಅದು ಹೈಡ್ರೋಜನ್ ಬ್ರೋಮೈಡ್. ಕಪಾಟಿನದ್ದು ಹಾಗೇ ಇರುತ್ತದೆ. ಆದೇಶನ ಕ್ರಿಯೆಗೆ (ಹೈಡ್ರೋಜನ್ ಜಾಗಕ್ಕೆ ಬ್ರೋಮಿನ್ ಬರುವುದಕ್ಕೆ) ಬೆಳಕು ಬೇಕು ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಬೇಕಿಲ್ಲ.

ಎರಡು ಎಚ್ಚರಿಕೆ. ಅಮೋನಿಯಾದಲ್ಲಿ ಅದ್ದಿದ ಗಾಜುಕಡ್ಡಿ ಹಿಡಿದು ಬಿಳಿ ಹೊಗೆ ನೋಡುವುದಾದರೆ ಬಣ್ಣ ಪೂರ್ತಿ ಹೋದ ಮೇಲೆಯೇ ಹಿಡಿಯಿರಿ, ಬ್ರೋಮಿನ್ ಆವಿಯೂ ಅಮೋನಿಯಾದೊಂದಿಗೆ ಅಮೋನಿಯಂ ಬ್ರೋಮೈಡ್ ಹೊಗೆಯನ್ನೇ ಕೊಡುತ್ತದೆ. ಲಿಟ್ಮಸ್‌ಗೂ ಇದೇ ಮಾತು, ಬ್ರೋಮಿನ್ ಅದನ್ನು ಬಿಳುಪು ಮಾಡಿಬಿಡುತ್ತದೆ. ನೀರಿನ ಪದರ ಇರುವ ಪ್ರನಾಳದಲ್ಲಿ ಹೊಗೆ ಹುಡುಕಬೇಡಿ, ಹೈಡ್ರೋಜನ್ ಬ್ರೋಮೈಡ್ ನೀರಿಗೆ ಇಳಿದುಹೋಗಿರುತ್ತದೆ.

ಕಡಲತಡಿ

ಎಲ್‌ಪಿಜಿ ವಿಷಯ. ಎಲ್‌ಪಿಜಿ ಎಂದರೆ ಪ್ರೊಪೇನ್ ಮತ್ತು ಬ್ಯೂಟೇನ್ ಎಂದು ಬರೆಯುವುದು ಪಾಠಕ್ಕೆ ಸರಿ, ಸಿಲಿಂಡರಿಗೆ ಪೂರ್ತಿ ಸರಿಯಲ್ಲ. ರಿಫೈನರಿಯಲ್ಲಿ ಭಾರೀ ತೈಲವನ್ನು ಕ್ಯಾಟಲಿಟಿಕ್ ಕ್ರ್ಯಾಕಿಂಗ್ ಮಾಡಿದಾಗ ಉದ್ದ ಸರಪಳಿ ತುಂಡಾಗುತ್ತದೆ. ತುಂಡುಗಳಿಗೆಲ್ಲ ಸಾಕಾಗುವಷ್ಟು ಹೈಡ್ರೋಜನ್ ಇಲ್ಲದ ಕಾರಣ ಒಂದು ಪಾಲು ಆಲ್ಕೀನ್ ಆಗಿಯೇ ಹೊರಬರುತ್ತದೆ. ಅಲ್ಲಿಂದ ಬರುವ ಎಲ್‌ಪಿಜಿಯಲ್ಲಿ ಪ್ರೊಪೀನ್, ಬ್ಯೂಟೀನ್‌ಗಳು ಇರುತ್ತವೆ. ಅದರಲ್ಲಿನ ಪ್ರೊಪೀನನ್ನು ಬೇರ್ಪಡಿಸಿ ಪಾಲಿಪ್ರೊಪಿಲೀನ್ ಮಾಡುತ್ತಾರೆ. ಮಂಗಳೂರಿನ ಎಂಆರ್‌ಪಿಎಲ್‌ನಲ್ಲಿ ಇದಕ್ಕೆಂದೇ ಘಟಕವಿದೆ. ಸಾಲದ್ದಕ್ಕೆ ಸೋರಿಕೆ ಗೊತ್ತಾಗಲೆಂದು ಸೇರಿಸುವ ಈಥೈಲ್ ಮರ್ಕ್ಯಾಪ್ಟನ್ ಕೂಡ ಬ್ರೋಮಿನ್‌ನಿಂದ ಸುಲಭವಾಗಿ ಉತ್ಕರ್ಷಣಗೊಳ್ಳುತ್ತದೆ. ಹಾಗಾಗಿ ಬಣ್ಣ ಹೋಗದಿದ್ದರೆ ಅದೇ ಆಶ್ಚರ್ಯ.

ಆಲ್ಕೇನ್ ಮಾದರಿಯಾಗಿ ಎಲ್‌ಪಿಜಿ ಬಳಸಲೇಬೇಡಿ. ಪರೀಕ್ಷೆಯ ದೃಷ್ಟಿ ಹಾಗಿರಲಿ, ಅದು ಗಾಳಿಗಿಂತ ಭಾರ. ಮೇಜಿನಿಂದ ಇಳಿದು ನೆಲದಲ್ಲೇ ಹರಡಿ, ದೂರದ ಬರ್ನರಿನಿಂದ ಬೆಂಕಿ ಹೊತ್ತಿಕೊಳ್ಳಬಹುದು.

ಸಿಗ್ಮಾ_ಪೈ

ಮೂರನೆಯದು ನಿಜಕ್ಕೂ ಕುತಂತ್ರದ್ದು, ಯಾಕೆಂದರೆ ಅಲ್ಲಿ ಈಥೀನ್ (ಅತಿ ಸರಳ ಆಲ್ಕೀನ್) ಇದ್ದೇ ಇರುತ್ತದೆ, ಉತ್ತರವೂ "ಸರಿ"ಯಾಗಿಯೇ ಬರುತ್ತದೆ. ಆದರೆ ಬಣ್ಣ ತೆಗೆದದ್ದು ಈಥೀನ್ ಎಂದು ಹೇಳುವಂತಿಲ್ಲ.

ಗಾಢ ಸಲ್ಫ್ಯೂರಿಕ್ ಆಮ್ಲ ನಿರ್ಜಲೀಕಾರಕ ಮಾತ್ರವಲ್ಲ, 443 ಕೆಲ್ವಿನ್‌ನಲ್ಲಿ ಅದು ಉತ್ಕರ್ಷಣಕಾರಿಯೂ ಹೌದು. ಎಥನಾಲನ್ನು ಸುಟ್ಟು ಇಂಗಾಲ ಮಾಡುತ್ತದೆ (ಫ್ಲಾಸ್ಕ್ ಕಪ್ಪಾಗುವುದು ಇದಕ್ಕೇ), ತಾನು ಸಲ್ಫರ್ ಡೈಆಕ್ಸೈಡ್ ಆಗುತ್ತದೆ. ಈ ಸಲ್ಫರ್ ಡೈಆಕ್ಸೈಡ್ ಬ್ರೋಮಿನ್ ನೀರನ್ನೂ ಪರ್ಮಾಂಗನೇಟನ್ನೂ ತಕ್ಷಣ ನಿರ್ವರ್ಣಗೊಳಿಸುತ್ತದೆ.

ತಡೆಯುವ ಬಗೆ: ಅನಿಲವನ್ನು ಮೊದಲು ಖಾಲಿ ತೊಳೆಬಾಟಲಿಗೆ, ಆಮೇಲೆ 10% ಸೋಡಿಯಂ ಹೈಡ್ರಾಕ್ಸೈಡ್ ಇರುವ ಬಾಟಲಿಗೆ ಹಾಯಿಸಿ. ಖಾಲಿ ಬಾಟಲಿ ಯಾಕೆಂದರೆ, ಫ್ಲಾಸ್ಕ್ ತಣ್ಣಗಾದರೆ ಕ್ಷಾರ ಹಿಂದಕ್ಕೆ ಎಳೆದುಕೊಂಡು 170 ಡಿಗ್ರಿಯ ಆಮ್ಲಕ್ಕೆ ಬೀಳುತ್ತದೆ, ಆಮೇಲಿನದ್ದು ಹೇಳಬೇಕಿಲ್ಲ. ಕ್ಷಾರದ ನಂತರ ಆಮ್ಲೀಕೃತ ಡೈಕ್ರೋಮೇಟ್ ಕಾಗದ ಹಿಡಿದು ನೋಡಿ. ಹಸಿರಾದರೆ ಸಲ್ಫರ್ ಡೈಆಕ್ಸೈಡ್ ಇನ್ನೂ ಬರುತ್ತಿದೆ. ಕಿತ್ತಳೆಯಾಗಿಯೇ ಉಳಿದರೆ ಮಾತ್ರ ಬ್ರೋಮಿನ್ ನೀರಿಗೆ ಹಾಯಿಸಿ. ಬಣ್ಣ ಹೋದ ಬ್ರೋಮಿನ್ ನೀರಿಗೆ ಬೇರಿಯಂ ಕ್ಲೋರೈಡ್ ಹಾಕಿಯೂ ನೋಡಬಹುದು: ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗದ ಬಿಳಿ ಒತ್ತರ (ತಳಕ್ಕೆ ಕೂರುವ ಘನ) ಬಂದರೆ ಅಲ್ಲಿ ಸಲ್ಫೇಟ್ ಇದೆ, ಅಂದರೆ ಬಣ್ಣ ಹೋಗಿದ್ದರಲ್ಲಿ ಸಲ್ಫರ್ ಡೈಆಕ್ಸೈಡಿನ ಕೈಯೂ ಇತ್ತು.

ಉಷ್ಣತೆ 413 ಕೆಲ್ವಿನ್ ಆಸುಪಾಸಿನಲ್ಲೇ ನಿಂತು ಎಥನಾಲ್ ಹೆಚ್ಚಿದ್ದರೆ ಈಥೀನ್ ಬದಲು ಡೈಈಥೈಲ್ ಈಥರ್ ಬರುತ್ತದೆ. ಅದರ ಕುದಿಬಿಂದು ಕೇವಲ 34.6 °ಸೆ., ಆವಿ ತೀರಾ ಬೇಗ ಬೆಂಕಿ ಹಿಡಿಯುತ್ತದೆ. ತಾಪಮಾಪಕದ ಬುಡ್ಡಿ ದ್ರವದೊಳಗೇ ಮುಳುಗಿರಬೇಕು.

ಪ್ರನಾಳ_ಹಿಡಿಕೆ

ಮೇಲಿನ ಪದರ ಕಿತ್ತಳೆಯೇ ಇದೆ. ಸರಿ, ಅದು ಬಗೆಹರಿಯಿತು. ಸಲ್ಫ್ಯೂರಿಕ್ ಆಮ್ಲವನ್ನೇ ಬಿಟ್ಟು ಈಥೀನ್ ಮಾಡುವ ದಾರಿ ಇದೆಯೇ? ಇಲ್ಲ, ದ್ರವರೂಪದ ಆಲ್ಕೀನ್ ಮಾಡಿಟ್ಟುಕೊಳ್ಳುವುದು ಮೇಲೋ?

ಬಟ್ಟಿಪಾತ್ರೆ

ಎರಡೂ ಆಗುತ್ತದೆ. ಈಥೀನ್‌ಗೆ ಅಲ್ಯೂಮಿನಾ ದಾರಿ: ಗಟ್ಟಿ ಗಾಜಿನ ಪ್ರನಾಳದ ತಳದಲ್ಲಿ ಎಥನಾಲ್ ಹೀರಿದ ಖನಿಜ ಉಣ್ಣೆ, ನಡುವೆ ಅಲ್ಯೂಮಿನಾ ಪುಡಿ, ಪ್ರನಾಳ ಅಡ್ಡಲಾಗಿ. ಬೆಂಕಿ ಅಲ್ಯೂಮಿನಾಗೆ ಮಾತ್ರ. ಉಣ್ಣೆಗೆ ಆಗೊಮ್ಮೆ ಈಗೊಮ್ಮೆ ಜ್ವಾಲೆ ತೋರಿಸಿದರೆ ಸಾಕು. ಅನಿಲವನ್ನು ನೀರಿನ ಮೇಲೆ ಹಿಡಿಯಿರಿ. ಮೊದಲ ಪ್ರನಾಳ ಬರೀ ಗಾಳಿ, ಬಿಸಾಡಿ. ಬರ್ನರ್ ಆರಿಸುವ ಮುಂಚೆ ನಳಿಗೆಯನ್ನು ನೀರಿನಿಂದ ಎತ್ತಿಬಿಡಿ, ಇಲ್ಲವಾದರೆ ನೀರು ಒಳಗೆಳೆದುಕೊಂಡು ಕಾದ ಗಾಜು ಬಿರಿಯುತ್ತದೆ. ಇದರಲ್ಲಿ ಸಲ್ಫರ್ ಡೈಆಕ್ಸೈಡಿನ ಮಾತೇ ಇಲ್ಲ.

ಆದರೆ ಇಡೀ ತರಗತಿಗೆ ಸೈಕ್ಲೋಹೆಕ್ಸೀನ್ ಅನುಕೂಲ. ಸೈಕ್ಲೋಹೆಕ್ಸನಾಲ್ 20 ಮಿ.ಲೀ. (ಸುಮಾರು 19.2 ಗ್ರಾಂ, 0.19 ಮೋಲ್), 85% ಫಾಸ್ಫಾರಿಕ್ ಆಮ್ಲ 5 ಮಿ.ಲೀ. ದುಂಡುತಳದ ಫ್ಲಾಸ್ಕಿಗೆ ಹಾಕಿ ಚೆನ್ನಾಗಿ ಬೆರೆಸಿ, ಎರಡು ಮೂರು ಕುದಿಕಲ್ಲು ಹಾಕಿ, ಚಿಕ್ಕ ಅಂಶಿಕ ಬಟ್ಟಿ ಕಂಬ ಜೋಡಿಸಿ ನಿಧಾನವಾಗಿ ಕಾಯಿಸಿ. ಸಂಗ್ರಾಹಕ ಪಾತ್ರೆ ಮಂಜುಗಡ್ಡೆ ನೀರಿನಲ್ಲಿರಲಿ.

ಇಡೀ ಕೆಲಸದ ಗುಟ್ಟು ಕಂಬದ ತುದಿಯ ತಾಪದಲ್ಲಿದೆ, ಅದು 90 °ಸೆ. ದಾಟಬಾರದು. ಸೈಕ್ಲೋಹೆಕ್ಸೀನ್ 83 ಡಿಗ್ರಿಗೆ ಕುದಿಯುತ್ತದೆ, ನೀರಿನ ಜೊತೆ ಸೇರಿ ಸುಮಾರು 71ಕ್ಕೇ ಬಟ್ಟಿಯಾಗುತ್ತದೆ. ಸೈಕ್ಲೋಹೆಕ್ಸನಾಲ್‌ನ ಕುದಿಬಿಂದು 161 ಇದ್ದರೂ ನೀರಿನ ಜೊತೆ ಅದು ಸುಮಾರು 98ಕ್ಕೇ ಏರಿಬರುತ್ತದೆ. ಅವಸರಕ್ಕೆ ಉರಿ ಜೋರು ಮಾಡಿದರೆ ಕ್ರಿಯೆಗೆ ಒಳಗಾಗದ ಆಲ್ಕೋಹಾಲೇ ನಿಮ್ಮ ಪಾತ್ರೆಗೆ ಬೀಳುತ್ತದೆ. ಇದು ಸಮತೋಲನ ಕ್ರಿಯೆ. ಉತ್ಪನ್ನವನ್ನು ಆಗಾಗಲೇ ಹೊರತೆಗೆಯುವುದರಿಂದಲೇ ಅದು ಮುಂದಕ್ಕೆ ಸಾಗುತ್ತದೆ. ಫ್ಲಾಸ್ಕಿನಲ್ಲಿ ಸ್ವಲ್ಪ ಉಳಿದು ಬಿಳಿ ಆವಿ ಏಳತೊಡಗಿದಾಗ ನಿಲ್ಲಿಸಿ.

ಸಿಕ್ಕ ದ್ರವವನ್ನು ಬೇರ್ಪಡಿಕೆ ಆಲಿಕೆಯಲ್ಲಿ ಸಂತೃಪ್ತ ಉಪ್ಪುನೀರಿನಿಂದ ಒಮ್ಮೆ, 10% ಸೋಡಿಯಂ ಕಾರ್ಬೊನೇಟಿನಿಂದ ಒಮ್ಮೆ ತೊಳೆಯಿರಿ. ಕಾರ್ಬೊನೇಟ್ ಹಾಕಿದಾಗ ಅನಿಲ ಬರುತ್ತದೆ, ಪ್ರತಿ ಕುಲುಕಿಗೂ ತಿರುಪು ತೆರೆದು ಒತ್ತಡ ಬಿಡಿ. ಮೇಲಿನ ಪದರ ನಿಮ್ಮದು. ನಿರ್ಜಲ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ 15 ನಿಮಿಷ ಬಿಡಿ. ಇಲ್ಲಿ ಸೋಡಿಯಂ ಸಲ್ಫೇಟಿಗಿಂತ ಇದೇ ಮೇಲು, ನೀರಿನ ಜೊತೆ ಅಳಿದುಳಿದ ಆಲ್ಕೋಹಾಲನ್ನೂ ಹಿಡಿದುಕೊಳ್ಳುತ್ತದೆ. ಆಮೇಲೆ ಒಣ ಉಪಕರಣದಲ್ಲಿ 81–85 °ಸೆ. ಭಾಗವನ್ನು ಮರುಬಟ್ಟಿ ಇಳಿಸಿ. ಒಣಗಿಸುವುದರಲ್ಲಿ ಅವಸರ ಮಾಡಿದ್ದರೆ 71ರ ಹತ್ತಿರವೇ ಮಬ್ಬು ದ್ರವ ಬರತೊಡಗುತ್ತದೆ, ಅದು ನೀರು ಉಳಿದಿರುವ ಗುರುತು. ಸೈದ್ಧಾಂತಿಕ ಇಳುವರಿ 15.8 ಗ್ರಾಂ. 10 ಗ್ರಾಂ ಸಿಕ್ಕರೆ 63%, ವಿದ್ಯಾರ್ಥಿಗಳ ಕೈಗೆ ಅದು ಒಳ್ಳೆಯ ಇಳುವರಿಯೇ.

ಸಲ್ಫ್ಯೂರಿಕ್ ಆಮ್ಲ ಬಳಸಿಯೂ ಮಾಡುತ್ತಾರೆ. ಬೇಡ. ಮತ್ತೆ ಅದೇ ಕಪ್ಪು, ಅದೇ ಸಲ್ಫರ್ ಡೈಆಕ್ಸೈಡ್.

ಬ್ಯೂರೆಟ್_ಬಿಂದು

ಒಂದು ತಿದ್ದುಪಡಿ. ಬ್ರೋಮಿನ್ ನೀರಿನಲ್ಲಿ ಸೈಕ್ಲೋಹೆಕ್ಸೀನ್ ಕೊಡುವ ಮುಖ್ಯ ಉತ್ಪನ್ನ ಡೈಬ್ರೋಮೈಡ್ ಎಂದು ಉತ್ತರಪತ್ರಿಕೆಗಳಲ್ಲಿ ಬರೆಯುತ್ತಾರೆ. ಡೈಕ್ಲೋರೋಮೀಥೇನ್‌ನಂಥ ದ್ರಾವಕದಲ್ಲಾದರೆ ಅದು ಸರಿ, ಟ್ರಾನ್ಸ್-1,2-ಡೈಬ್ರೋಮೋಸೈಕ್ಲೋಹೆಕ್ಸೇನ್ ಬರುತ್ತದೆ (ಟ್ರಾನ್ಸ್ ಎಂದರೆ ಎರಡು ಗುಂಪುಗಳು ಎದುರುಬದುರು ಬದಿಯಲ್ಲಿ). ನೀರಿನಲ್ಲಿ ಹಾಗಲ್ಲ. ದ್ವಿಬಂಧದ ಪೈ ಇಲೆಕ್ಟ್ರಾನುಗಳು ಬ್ರೋಮಿನ್ ಅಣುವಿನ ಒಂದು ಪರಮಾಣುವನ್ನು ಕಿತ್ತುಕೊಂಡು ಮೂರು ಮೂಲೆಯ ಬ್ರೋಮೋನಿಯಂ ಅಯಾನು ಆಗುತ್ತದೆ. ಎರಡನೇ ಹಂತದಲ್ಲಿ ಹಿಂದಿನಿಂದ ಬಂದು ಬಡಿಯುವುದು ಯಾರು ಹತ್ತಿರ ಇದ್ದಾರೋ ಅವರು, ಸುತ್ತಲೂ ಇರುವುದು ನೀರು. ಹಾಗಾಗಿ ಮುಖ್ಯವಾಗಿ ಟ್ರಾನ್ಸ್-2-ಬ್ರೋಮೋಸೈಕ್ಲೋಹೆಕ್ಸನಾಲ್. ಈಥೀನನ್ನು ಉಪ್ಪು ಕರಗಿಸಿದ ಬ್ರೋಮಿನ್ ನೀರಿಗೆ ಹಾಯಿಸಿದರೆ 1-ಬ್ರೋಮೋ-2-ಕ್ಲೋರೋಈಥೇನ್ ಕೂಡ ಸಿಗುತ್ತದೆ. ಎರಡು ಬ್ರೋಮಿನ್ ಒಟ್ಟಿಗೇ ಸೇರುವುದಾಗಿದ್ದರೆ ಕ್ಲೋರಿನ್ ನಡುವೆ ನುಗ್ಗಲು ಜಾಗವೇ ಇರುತ್ತಿರಲಿಲ್ಲ.

ಇನ್ನು ಬೇಯರ್ ಪರೀಕ್ಷೆ. 1% ಪೊಟ್ಯಾಸಿಯಂ ಪರ್ಮಾಂಗನೇಟ್, ತಣ್ಣಗೆ, ಸ್ವಲ್ಪ ಸೋಡಿಯಂ ಕಾರ್ಬೊನೇಟ್. ನೇರಳೆ ಹೋಗಿ ಕಂದು ಮ್ಯಾಂಗನೀಸ್ ಡೈಆಕ್ಸೈಡ್ ಕೂರಬೇಕು. ನೇರಳೆ ಬರೀ ತೆಳುವಾದರೆ ಸಾಲದು, ಕಂದು ಕಾಣಬೇಕು. ಇಲ್ಲಿ ಹನಿ ಎಣಿಸದೇ ಇರುವುದೇ ದೊಡ್ಡ ತಪ್ಪು. ಲೆಕ್ಕ ಹಾಕಿ ನೋಡಿ: 1 ಮಿ.ಲೀ. ಹೆಕ್ಸೇನ್ ಸುಮಾರು 0.66 ಗ್ರಾಂ. ಅದರಲ್ಲಿ 0.1% ಹೆಕ್ಸೀನ್ ಕಲ್ಮಶ ಇದೆ ಎಂದರೆ 0.66 ಮಿ.ಗ್ರಾಂ., ಅಂದರೆ ಸುಮಾರು 7.8 ಮೈಕ್ರೋಮೋಲ್. ಮೂರು ಆಲ್ಕೀನ್‌ಗೆ ಎರಡು ಪರ್ಮಾಂಗನೇಟ್ ಲೆಕ್ಕದಲ್ಲಿ 5.2 ಮೈಕ್ರೋಮೋಲ್ ಬೇಕು. 1% ದ್ರಾವಣದ ಒಂದು ಹನಿಯಲ್ಲಿ (0.05 ಮಿ.ಲೀ.) ಇರುವುದು 3.2 ಮೈಕ್ರೋಮೋಲ್. ಅಂದರೆ 99.9% ಶುದ್ಧ ಹೆಕ್ಸೇನ್ ಕೂಡ ಮೊದಲ ಹನಿಯನ್ನು ನುಂಗಿಹಾಕುತ್ತದೆ! ಅದೇ 0.1 ಗ್ರಾಂ ಸೈಕ್ಲೋಹೆಕ್ಸೀನ್ ಹತ್ತಿರ ಹತ್ತಿರ 13 ಮಿ.ಲೀ. ನುಂಗುತ್ತದೆ. ನಾಲ್ಕಾರು ಹನಿಗಳಾಚೆಗೂ ಬಣ್ಣ ಹೋಗುತ್ತಲೇ ಇದ್ದರೆ ಮಾತ್ರ ಪಾಸಿಟಿವ್ ಎಂದು ಬರೆಯಿರಿ.

ದ್ರವ ಬೆರೆಯಲೆಂದು ಅಸಿಟೋನ್ ಬಳಸಿದರೆ ಬರೀ ಅಸಿಟೋನ್‌ಗೂ ಒಂದು ಖಾಲಿ ಪರೀಕ್ಷೆ ಮಾಡಿ. ಎಥನಾಲ್ ಬೇಡ, ಅದೇ ನಿಧಾನವಾಗಿ ಉತ್ಕರ್ಷಣಗೊಳ್ಳುತ್ತದೆ. ಆಲ್ಡಿಹೈಡ್, ಫಾರ್ಮಿಕ್ ಆಮ್ಲ, ಫೀನಾಲ್‌ಗಳೂ ಪರ್ಮಾಂಗನೇಟಿನ ಬಣ್ಣ ತೆಗೆಯುತ್ತವೆ. ಫೀನಾಲ್, ಅನಿಲೀನ್‌ಗಳು ಬ್ರೋಮಿನ್ ನೀರಿನ ಬಣ್ಣವನ್ನೂ ತೆಗೆಯುತ್ತವೆ, ಆದರೆ ಜೊತೆಗೆ ಬಿಳಿ ಒತ್ತರ ಕೊಡುತ್ತವೆ. ತದ್ವಿರುದ್ಧವೂ ಇದೆ: ಸಿನ್ನಮಿಕ್ ಆಮ್ಲ, ಮೇಲಿಯಿಕ್ ಆಮ್ಲಗಳಲ್ಲಿ ದ್ವಿಬಂಧ ಇದ್ದರೂ ಪಕ್ಕದ ಕಾರ್ಬಾಕ್ಸಿಲ್ ಗುಂಪು ಇಲೆಕ್ಟ್ರಾನ್ ಎಳೆದುಕೊಂಡಿರುವುದರಿಂದ ಬ್ರೋಮಿನ್ ತುಂಬಾ ನಿಧಾನ. ಅಲ್ಲಿ ಪರ್ಮಾಂಗನೇಟನ್ನೇ ನಂಬಬೇಕು.

ಹೆಕ್ಸೇನ್ ಶುದ್ಧಿ ಮಾಡಬೇಕಿದ್ದರೆ ಹತ್ತನೇ ಒಂದು ಪಾಲು ಗಾಢ ಸಲ್ಫ್ಯೂರಿಕ್ ಆಮ್ಲದೊಂದಿಗೆ ಕುಲುಕಿ, ಆಮ್ಲದ ಪದರ ಬಣ್ಣಗೆಡುವುದು ನಿಲ್ಲುವ ತನಕ ಹೊಸ ಆಮ್ಲ ಹಾಕಿ. ಆಲ್ಕೀನ್ ಅಲ್ಕೈಲ್ ಹೈಡ್ರೋಜನ್ ಸಲ್ಫೇಟ್ ಆಗಿ ಆಮ್ಲಕ್ಕೆ ಇಳಿಯುತ್ತದೆ, ಆಲ್ಕೇನ್ ಇಳಿಯುವುದಿಲ್ಲ. ನೀರು, ಕಾರ್ಬೊನೇಟ್‌ನಿಂದ ತೊಳೆದು ಒಣಗಿಸಿ 68–69 ಡಿಗ್ರಿಗೆ ಬಟ್ಟಿ ಇಳಿಸಿ.

ಪ್ರಶ್ನೆಗಂಟು

@ಬಟ್ಟಿಪಾತ್ರೆ, ಆ ಬಿಸಿಲಿನ ಪ್ರನಾಳದಲ್ಲಿ ಹೆಕ್ಸೇನ್ ಏನಾಗುತ್ತದೆ? 1-ಬ್ರೋಮೋಹೆಕ್ಸೇನ್ ಎಂದು ಬರೆದರೆ ಅಂಕ ಕೊಡುತ್ತಾರೆ.

ಸಿಗ್ಮಾ_ಪೈ

ಕೊಡಬಾರದು. ಅದು ಬರುವುದು ಒಂದು ಪ್ರತಿಶತಕ್ಕಿಂತಲೂ ಕಡಿಮೆ.

ಬೆಳಕು ಬ್ರೋಮಿನ್ ಅಣುವನ್ನು ಸೀಳಿ ಎರಡು ಬ್ರೋಮಿನ್ ಪರಮಾಣು ಮಾಡುತ್ತದೆ. ಆ ಪರಮಾಣು ಹೆಕ್ಸೇನ್‌ನ ಒಂದು ಹೈಡ್ರೋಜನ್ ಕಿತ್ತು ಒಂಟಿ ಇಲೆಕ್ಟ್ರಾನಿನ ರ್‍ಯಾಡಿಕಲ್ ಉಳಿಸುತ್ತದೆ, ರ್‍ಯಾಡಿಕಲ್ ಇನ್ನೊಂದು ಬ್ರೋಮಿನ್ ಅಣುವಿನಿಂದ ಪರಮಾಣು ಪಡೆದು ಸರಪಳಿ ಮುಂದುವರಿಸುತ್ತದೆ. ಪ್ರಶ್ನೆ ಇರುವುದು ಯಾವ ಹೈಡ್ರೋಜನ್ ಎನ್ನುವುದರಲ್ಲಿ. ಬ್ರೋಮಿನ್‌ಗೆ ಪ್ರಾಥಮಿಕ, ದ್ವಿತೀಯಕ, ತೃತೀಯಕ (ಕ್ರಮವಾಗಿ ಬೇರೆ ಒಂದು, ಎರಡು, ಮೂರು ಇಂಗಾಲಗಳಿಗೆ ಅಂಟಿದ ಇಂಗಾಲದ ಮೇಲಿನ) ಹೈಡ್ರೋಜನ್‌ಗಳ ಸಾಪೇಕ್ಷ ವೇಗ ಸುಮಾರು 1 : 82 : 1600. ಕ್ಲೋರಿನ್‌ಗೆ 1 : 3.8 : 5 ಮಾತ್ರ.

ಹೆಕ್ಸೇನ್‌ನಲ್ಲಿ ಪ್ರಾಥಮಿಕ ಹೈಡ್ರೋಜನ್ 6, ದ್ವಿತೀಯಕ 8. ಬ್ರೋಮಿನ್‌ಗೆ 6 × 1 = 6, 8 × 82 = 656. ಹಾಗಾಗಿ 2-ಬ್ರೋಮೋ ಮತ್ತು 3-ಬ್ರೋಮೋಹೆಕ್ಸೇನ್‌ಗಳ ಮಿಶ್ರಣವೇ ಸರಿಸುಮಾರು ಪೂರ್ತಿ. ಕ್ಲೋರಿನ್ ಆಗಿದ್ದರೆ 6 ಮತ್ತು 30.4, ಅಂದರೆ 1-ಕ್ಲೋರೋಹೆಕ್ಸೇನ್ ಸುಮಾರು 16%. ಪ್ರೊಪೇನ್‌ಗೆ ಇದೇ ಲೆಕ್ಕ ಹಾಕಿ: ಕ್ಲೋರಿನ್‌ನಲ್ಲಿ 6 ಮತ್ತು 7.6, 1-ಕ್ಲೋರೋ 44%, 2-ಕ್ಲೋರೋ 56%. ಐಸೋಬ್ಯೂಟೇನ್‌ಗೆ ಬಂದರೆ ಇನ್ನೂ ಚಂದ: ಕ್ಲೋರಿನ್‌ನಲ್ಲಿ ಒಂಬತ್ತು ಪ್ರಾಥಮಿಕ ಹೈಡ್ರೋಜನ್‌ಗಳು ಸಂಖ್ಯಾಬಲದಿಂದಲೇ ಗೆದ್ದು 64% ಪಡೆಯುತ್ತವೆ. ಬ್ರೋಮಿನ್‌ನಲ್ಲಿ ಒಂದೇ ಒಂದು ತೃತೀಯಕ ಹೈಡ್ರೋಜನ್ 99%ಕ್ಕೂ ಹೆಚ್ಚು ಬಾಚಿಕೊಳ್ಳುತ್ತದೆ.

ಕಾರಣ: ಕ್ಲೋರಿನ್ ಪರಮಾಣು ಹೈಡ್ರೋಜನ್ ಕೀಳುವ ಹಂತ ಉಷ್ಣ ಬಿಡುವಂಥದ್ದು. ಸಂಕ್ರಮಣ ಸ್ಥಿತಿ (ಕ್ರಿಯೆ ದಾಟಬೇಕಾದ ಶಕ್ತಿಯ ತುದಿ) ಬೇಗ ಬರುತ್ತದೆ, ರ್‍ಯಾಡಿಕಲ್ ಇನ್ನೂ ರೂಪುಗೊಂಡಿರುವುದಿಲ್ಲ, ಅದರ ಸ್ಥಿರತೆಯ ಪ್ರಭಾವ ಕಡಿಮೆ. ಬ್ರೋಮಿನ್‌ಗೆ ಅದೇ ಹಂತ ಉಷ್ಣ ಹೀರುವಂಥದ್ದು. ಸಂಕ್ರಮಣ ಸ್ಥಿತಿ ತಡವಾಗಿ, ರ್‍ಯಾಡಿಕಲ್‌ಗೆ ತೀರಾ ಹತ್ತಿರದಲ್ಲಿ ಬರುತ್ತದೆ, ಹಾಗಾಗಿ ಸ್ಥಿರತೆಯ ವ್ಯತ್ಯಾಸ ಪೂರ್ತಿ ಲೆಕ್ಕಕ್ಕೆ ಬರುತ್ತದೆ. ಫ್ಲೋರಿನ್ ಸ್ಫೋಟಿಸುತ್ತದೆ. ಅಯೋಡಿನ್‌ನದ್ದು ಹಿಮ್ಮುಖವಾಗಿ ಓಡುತ್ತದೆ, ಹೈಡ್ರೋಜನ್ ಅಯೋಡೈಡನ್ನು ಅಯೋಡಿಕ್ ಆಮ್ಲದಂಥದ್ದರಿಂದ ನಾಶ ಮಾಡುತ್ತಿದ್ದರೆ ಮಾತ್ರ ಮುಂದೆ ಹೋದೀತು.

ಪ್ರಶ್ನೆಗಂಟು

ಹಾಗಾದರೆ ಆಲ್ಕೀನ್‌ಗೆ ಹೈಡ್ರೋಜನ್ ಬ್ರೋಮೈಡ್ ಸೇರಿಸುವಾಗ ಪೆರಾಕ್ಸೈಡ್ ಇದ್ದರೆ ಉಲ್ಟಾ ಆಗುವುದೂ ಇದೇ ರ್‍ಯಾಡಿಕಲ್ ವ್ಯವಹಾರವೇ? ಹೈಡ್ರೋಜನ್ ಕ್ಲೋರೈಡ್, ಅಯೋಡೈಡ್‌ಗಳಿಗೆ ಯಾಕಿಲ್ಲ?

ಬ್ಯೂರೆಟ್_ಬಿಂದು

ಹೌದು, ಅದೇ. ಮಾರ್ಕೊವ್ನಿಕೋವ್ ನಿಯಮ (ಹೆಚ್ಚು ಹೈಡ್ರೋಜನ್ ಇರುವ ಇಂಗಾಲಕ್ಕೇ ಹೈಡ್ರೋಜನ್, ಇನ್ನೊಂದಕ್ಕೆ ಹ್ಯಾಲೋಜನ್) 1869ರದ್ದು. ಆದರೆ ಹೈಡ್ರೋಜನ್ ಬ್ರೋಮೈಡ್ ಮಾತ್ರ ಕೆಲವರ ಕೈಯಲ್ಲಿ ಒಂದು, ಇನ್ನು ಕೆಲವರ ಕೈಯಲ್ಲಿ ಇನ್ನೊಂದು ಉತ್ಪನ್ನ ಕೊಡುತ್ತಿತ್ತು. 1933ರಲ್ಲಿ ಶಿಕಾಗೋದ ರಸಾಯನಶಾಸ್ತ್ರಜ್ಞರಾದ ಖರಾಶ್ ಮತ್ತು ಮೇಯೋ ಅಲೈಲ್ ಬ್ರೋಮೈಡ್ ಹಿಡಿದು ಇದನ್ನು ಬಿಡಿಸಿದರು: ಗಾಳಿ, ಪೆರಾಕ್ಸೈಡ್ ಇಲ್ಲದಿದ್ದರೆ 1,2-ಡೈಬ್ರೋಮೋಪ್ರೊಪೇನ್, ಇದ್ದರೆ 1,3. ಎಲ್ಲದರ ಹಿಂದೆ ಇದ್ದದ್ದು ಬಾಟಲಿಯ ವಯಸ್ಸು. ಹಳೆಯ ಆಲ್ಕೀನ್ ಗಾಳಿಯಿಂದ ಪೆರಾಕ್ಸೈಡ್ ಮಾಡಿಕೊಂಡಿರುತ್ತದೆ.

ಅಯಾನು ದಾರಿಯಲ್ಲಿ ಮೊದಲು ಸೇರುವುದು ಪ್ರೋಟಾನ್, ರ್‍ಯಾಡಿಕಲ್ ದಾರಿಯಲ್ಲಿ ಮೊದಲು ಸೇರುವುದು ಬ್ರೋಮಿನ್ ಪರಮಾಣು. ಎರಡರಲ್ಲೂ ಮೊದಲು ಬಂದದ್ದು ತುದಿಯ ಇಂಗಾಲಕ್ಕೇ ಹೋಗುತ್ತದೆ, ಹೆಚ್ಚು ಸ್ಥಿರವಾದ ಮಧ್ಯಂತರ ಸಿಗಲಿ ಎಂದು. ಹಾಗಾಗಿ ನಿಯಮ ಮುರಿದಿಲ್ಲ, ಮೊದಲು ಬಂದವರು ಬದಲಾದರು.

ಈ ಸೇರ್ಪಡೆಯ ಸರಪಳಿ ಬೇಗ ನಡೆಯಲು ಎರಡು ಹಂತಗಳೂ (ಹ್ಯಾಲೋಜನ್ ಪರಮಾಣು ದ್ವಿಬಂಧಕ್ಕೆ ಸೇರುವುದು, ಆಮೇಲೆ ಇಂಗಾಲ ಹೈಡ್ರೋಜನ್ ಕೀಳುವುದು) ಉಷ್ಣ ಬಿಡುವಂತಿರಬೇಕು. ಹೈಡ್ರೋಜನ್–ಕ್ಲೋರಿನ್ ಬಂಧ 430 ಕಿಲೋಜೌಲ್ ಪ್ರತಿ ಮೋಲ್ ಆಸುಪಾಸು, ಇಂಗಾಲ ರ್‍ಯಾಡಿಕಲ್‌ಗೆ ಅದನ್ನು ಕೀಳುವುದು ಕಷ್ಟ, ಎರಡನೇ ಹಂತ ನಿಲ್ಲುತ್ತದೆ. ಹೈಡ್ರೋಜನ್–ಅಯೋಡಿನ್ 297ರಷ್ಟೇ, ಕೀಳುವುದು ಸುಲಭ. ಆದರೆ ಅಯೋಡಿನ್ ಪರಮಾಣು ದ್ವಿಬಂಧಕ್ಕೆ ಸೇರುವ ಮೊದಲ ಹಂತವೇ ಲಾಭದ್ದಲ್ಲ, ಅವು ಪರಸ್ಪರ ಸೇರಿ ಅಯೋಡಿನ್ ಆಗಿಬಿಡುತ್ತವೆ. ಬ್ರೋಮೈಡ್ (364) ನಡುವೆ ಕೂತು ಎರಡಕ್ಕೂ ಸರಿಹೊಂದುತ್ತದೆ.

3-ಮೀಥೈಲ್-1-ಬ್ಯೂಟೀನ್ ಕೊಟ್ಟರೆ ಕಣ್ಣು ಬಿಟ್ಟು ನೋಡಿ. ಪೆರಾಕ್ಸೈಡ್ ಇಲ್ಲದೆ ಅಲ್ಲಿ ಧನಾವೇಶದ ಇಂಗಾಲವಿರುವ ದ್ವಿತೀಯಕ ಕಾರ್ಬೋಕ್ಯಾಟಯಾನ್‌ಗೆ ಪಕ್ಕದಿಂದ ಹೈಡ್ರೈಡ್ ಸರಿದು ತೃತೀಯಕ ಆಗುತ್ತದೆ, 2-ಬ್ರೋಮೋ-2-ಮೀಥೈಲ್‌ಬ್ಯೂಟೇನ್ ಕೂಡ ಸಿಗುತ್ತದೆ. ಪೆರಾಕ್ಸೈಡ್ ದಾರಿಯಲ್ಲಿ ಈ ಸರಿದಾಟ ಇಲ್ಲ.

ಕಡಲತಡಿ

ಅಂದಹಾಗೆ ಸೈಕ್ಲೋಹೆಕ್ಸೀನ್ ಮಾಡಿಡುವವರಿಗೂ ಇದೇ ಪಾಠ. ಕಂದು ಬಾಟಲಿ, ತಂಪು ಜಾಗ, ತಯಾರಿಸಿದ ದಿನಾಂಕ ಬರೆದ ಚೀಟಿ. ಹಳೆಯದನ್ನು ಬಟ್ಟಿ ಇಳಿಸುವ ಮುಂಚೆ ಪೊಟ್ಯಾಸಿಯಂ ಅಯೋಡೈಡ್–ಪಿಷ್ಟದಿಂದ ಪೆರಾಕ್ಸೈಡ್ ಪರೀಕ್ಷಿಸಿ, ಫ್ಲಾಸ್ಕ್ ಪೂರ್ತಿ ಒಣಗುವ ತನಕ ಯಾವತ್ತೂ ಇಳಿಸಬೇಡಿ.

ಪ್ರಶ್ನೆಗಂಟು

ಭೌತಿಕ ಗುಣಗಳ ಬಗ್ಗೆ ಒಂದು. ಕವಲು ಹೆಚ್ಚಿದರೆ ಕುದಿಬಿಂದು ಇಳಿಯುತ್ತದೆ ಸರಿ. ಕರಗುಬಿಂದುವೂ ಇಳಿಯುತ್ತದೆಯೇ?

ಸಿಗ್ಮಾ_ಪೈ

ಇಲ್ಲ, ಅಲ್ಲೇ ಎಡವುವುದು. ಪೆಂಟೇನ್ 309 ಕೆಲ್ವಿನ್, 2-ಮೀಥೈಲ್‌ಬ್ಯೂಟೇನ್ 301, 2,2-ಡೈಮೀಥೈಲ್‌ಪ್ರೊಪೇನ್ 282.5: ಕುದಿಬಿಂದು ಇಳಿಯುತ್ತಲೇ ಹೋಗುತ್ತದೆ, ಅಣು ಉಂಡೆಯಾದಂತೆ ತಾಗುವ ಮೇಲ್ಮೈ ಕಡಿಮೆ. ಕರಗುಬಿಂದು ನೋಡಿ: 143, 113, ಆಮೇಲೆ ಒಮ್ಮೆಗೇ 256! ಗೋಳಾಕಾರದ ಅಣು ಹರಳಿನಲ್ಲಿ ಅಚ್ಚುಕಟ್ಟಾಗಿ ಕೂರುತ್ತದೆ. 2-ಬ್ಯೂಟೀನ್‌ನಲ್ಲೂ ಹೀಗೇ. ಸಿಸ್ (ಎರಡು ಗುಂಪುಗಳೂ ಒಂದೇ ಬದಿ) 277ಕ್ಕೆ ಕುದಿಯುತ್ತದೆ, ಟ್ರಾನ್ಸ್ 274ಕ್ಕೆ, ಯಾಕೆಂದರೆ ಸಿಸ್‌ಗೆ ಸ್ವಲ್ಪ ದ್ವಿಧ್ರುವ ಭ್ರಮಣಾಂಕ ಇದೆ. ಕರಗುವುದರಲ್ಲಿ ಟ್ರಾನ್ಸ್ ಮುಂದೆ.

ಎಣ್ಣೆಗಾಣ

ಬಣ್ಣ ಹೋಯಿತೋ ಇಲ್ಲವೋ ಎಂಬ ಜಗಳವೇ ಬೇಡ ಎನ್ನುವವರು ಅಳತೆಗೆ ಹೋಗಬೇಕು. ಅಡುಗೆ ಎಣ್ಣೆಯ ಅಯೋಡಿನ್ ಮೌಲ್ಯ ಎಂದರೆ ದ್ವಿಬಂಧಗಳ ಎಣಿಕೆಯೇ: 100 ಗ್ರಾಂ ಎಣ್ಣೆ ಹೀರುವ ಅಯೋಡಿನ್, ಗ್ರಾಂಗಳಲ್ಲಿ. ಕೊಬ್ಬರಿ ಎಣ್ಣೆಗೆ ಆಹಾರ ಸುರಕ್ಷತಾ ಮಾನದಂಡ 7.5–10, ಕಡಲೆಕಾಯಿ ಎಣ್ಣೆಗೆ 85–99.

ವಿಜ್ಸ್ ವಿಧಾನ: ಒಣ ಅಯೋಡಿನ್ ಫ್ಲಾಸ್ಕಿಗೆ ಕಡಲೆಕಾಯಿ ಎಣ್ಣೆ 0.2–0.25 ಗ್ರಾಂ ತೂಗಿ (ಕೊಬ್ಬರಿ ಎಣ್ಣೆಯಾದರೆ 2 ಗ್ರಾಂ ಮೇಲೆ), ದ್ರಾವಕದಲ್ಲಿ ಕರಗಿಸಿ, 25 ಮಿ.ಲೀ. ವಿಜ್ಸ್ ದ್ರಾವಣ (ಅಸಿಟಿಕ್ ಆಮ್ಲದಲ್ಲಿ ಅಯೋಡಿನ್ ಮೊನೊಕ್ಲೋರೈಡ್) ಪಿಪೆಟ್‌ನಿಂದ ಹಾಕಿ ಬಿರಡೆ ಹಾಕಿ 30 ನಿಮಿಷ ಕತ್ತಲಲ್ಲಿಡಿ. ಆಮೇಲೆ 10% ಪೊಟ್ಯಾಸಿಯಂ ಅಯೋಡೈಡ್ 20 ಮಿ.ಲೀ., ನೀರು 100 ಮಿ.ಲೀ. ಬಿಡುಗಡೆಯಾದ ಅಯೋಡಿನ್ನನ್ನು 0.1 ನಾರ್ಮಲ್ ಥಯೋಸಲ್ಫೇಟ್‌ನಿಂದ ಅಳೆಯಿರಿ. ಪಿಷ್ಟ ಹಾಕುವುದು ತಿಳಿಹಳದಿಗೆ ಬಂದ ಮೇಲೆ. ಮುಂಚೆಯೇ ಹಾಕಿದರೆ ಪಿಷ್ಟ ಅಯೋಡಿನ್ನನ್ನು ಬಿಗಿಯಾಗಿ ಹಿಡಿದು ಅಂತಿಮ ಬಿಂದು ತಪ್ಪುತ್ತದೆ. ಎಣ್ಣೆ ಇಲ್ಲದೆ ಇದೇ ಕ್ರಮದಲ್ಲಿ ಒಂದು ಖಾಲಿ ಪರೀಕ್ಷೆ.

ಲೆಕ್ಕ: 12.69 × (ಖಾಲಿ − ಮಾದರಿ) × ನಾರ್ಮಾಲಿಟಿ ÷ ತೂಕ. ಉದಾಹರಣೆಗೆ ಖಾಲಿ 46.0, ಮಾದರಿ 28.6, ತೂಕ 0.24 ಗ್ರಾಂ ಇದ್ದರೆ ಮೌಲ್ಯ 92. ಮಾದರಿಯ ಅಳತೆ ಖಾಲಿಯ ಅರ್ಧಕ್ಕಿಂತ ಕೆಳಗೆ ಹೋದರೆ ಎಣ್ಣೆ ಹೆಚ್ಚಾಗಿದೆ, ಕಾರಕ ಸಾಲದೆ ಮೌಲ್ಯ ಕಡಿಮೆ ಬರುತ್ತದೆ, ಕಡಿಮೆ ತೂಗಿ ಮತ್ತೆ ಮಾಡಿ. ಬೆಳಕಿನಲ್ಲಿ ಇಟ್ಟರೆ ಆದೇಶನವೂ ಶುರುವಾಗಿ ಮೌಲ್ಯ ಹೆಚ್ಚು ಬರುತ್ತದೆ, ಮೇಲೆ ಹೇಳಿದ ಬಿಸಿಲಿನ ಪ್ರನಾಳದ ಕಥೆಯೇ ಇಲ್ಲೂ.

ಬರೀ ಅಯೋಡಿನ್ ಯಾಕಲ್ಲ ಎಂದರೆ ಅದು ದ್ವಿಬಂಧಕ್ಕೆ ಸೇರುವುದು ನಿಧಾನ, ಮತ್ತೆ ಬಿಟ್ಟೂ ಹೋಗುತ್ತದೆ. ಅಯೋಡಿನ್ ಮೊನೊಕ್ಲೋರೈಡ್ ಧ್ರುವೀಯ, ಗಟ್ಟಿಯಾಗಿ ಕೂರುತ್ತದೆ.

ವನಸ್ಪತಿಯೂ ಇದೇ ದ್ವಿಬಂಧದ ವ್ಯವಹಾರ. ನಿಕ್ಕಲ್ ಮೇಲೆ ಹೈಡ್ರೋಜನ್ ಸೇರಿಸುವಾಗ ಒಂದು ಹೈಡ್ರೋಜನ್ ಸೇರಿ ಅರ್ಧದಲ್ಲೇ ಬಿಟ್ಟುಹೋದ ಅಣು ತಿರುಗಿ ಟ್ರಾನ್ಸ್ ಆಗಿ ಮತ್ತೆ ದ್ವಿಬಂಧ ಕಟ್ಟಿಕೊಳ್ಳುತ್ತದೆ. ಎಣ್ಣೆ, ಕೊಬ್ಬುಗಳಲ್ಲಿ ಟ್ರಾನ್ಸ್ ಮಿತಿ 2022ರ ಜನವರಿಯಿಂದ 2%.

ಪ್ರಶ್ನೆಗಂಟು

ಮಾವು ಹಣ್ಣು ಮಾಡಲು ಬಳಸುವುದೂ ಈಥೀನ್ ತಾನೇ? ಕಾರ್ಬೈಡ್‌ನಿಂದಲೂ ಅದೇ ಬರುತ್ತದೆಯೇ?

ಕಡಲತಡಿ

ಕಾರ್ಬೈಡ್‌ನಿಂದ ಬರುವುದು ಅಸಿಟಿಲೀನ್, ತ್ರಿಬಂಧದ್ದು. ಈಥೀನ್‌ನಂತೆ ನಟಿಸುತ್ತದೆ, ಆದರೆ ಅದಕ್ಕೆ ಹೆಚ್ಚು ಸಾಂದ್ರತೆ ಬೇಕು. ಕೈಗಾರಿಕಾ ಕಾರ್ಬೈಡ್‌ನಲ್ಲಿ ರಂಜಕ, ಆರ್ಸೆನಿಕ್ ಕಲ್ಮಶಗಳಿದ್ದು ಫಾಸ್ಫೀನ್, ಆರ್ಸೀನ್ ಅನಿಲಗಳೂ ಬರುತ್ತವೆ. ಅದಕ್ಕೇ ನಿಷೇಧ. ಈಥೀನ್ ಅನಿಲಕ್ಕೆ 100 ಪಿಪಿಎಂ ತನಕ ಅನುಮತಿ ಇದೆ. 20 ಘನ ಮೀಟರ್ ಕೋಣೆಗೆ ಅದು ಬರೀ 2 ಲೀಟರ್. ಬೆಂಕಿ ಹಿಡಿಯಲು 2.7% ಬೇಕು, ಅಂದರೆ 27,000 ಪಿಪಿಎಂ. ಇಲ್ಲಿ ದ್ವಿಬಂಧಕ್ಕೆ ಏನಾದರೂ ಸೇರುವ ಸಂಕಲನ ಕ್ರಿಯೆಯ ಮಾತಿಲ್ಲ, ಈಥೀನ್ ಹಣ್ಣಿಗೆ ಹಾರ್ಮೋನ್.

ಪ್ರನಾಳ_ಹಿಡಿಕೆ

ಕೊನೆಯದಾಗಿ, ದ್ರವ ಬ್ರೋಮಿನ್ ಬಾಟಲಿ ತೆರೆಯದೆ ಬ್ರೋಮಿನ್ ನೀರು ಮಾಡುವ ದಾರಿ? ಉಳಿದದ್ದನ್ನು ಏನು ಮಾಡಬೇಕು?

ಬ್ಯೂರೆಟ್_ಬಿಂದು

ಪೊಟ್ಯಾಸಿಯಂ ಬ್ರೋಮೇಟ್ 2.78 ಗ್ರಾಂ, ಪೊಟ್ಯಾಸಿಯಂ ಬ್ರೋಮೈಡ್ 15 ಗ್ರಾಂ, ಒಂದು ಲೀಟರ್ ನೀರು. ಇದು 0.1 ನಾರ್ಮಲ್, ನಿರ್ವರ್ಣ, ಬಾಟಲಿಯಲ್ಲಿ ತಿಂಗಳುಗಟ್ಟಲೆ ಕೆಡುವುದಿಲ್ಲ. ಬೇಕಾದಾಗ 10 ಮಿ.ಲೀ.ಗೆ 2 ಮಿ.ಲೀ. ದುರ್ಬಲ ಸಲ್ಫ್ಯೂರಿಕ್ ಆಮ್ಲ ಹಾಕಿದರೆ ಅಲ್ಲೇ ಬ್ರೋಮಿನ್ ಹುಟ್ಟಿ ಹಳದಿ-ಕಿತ್ತಳೆ ಬರುತ್ತದೆ. ಬ್ರೋಮೇಟ್ ವಿಷಕಾರಿ ಉತ್ಕರ್ಷಣಕಾರಿ, ತೂಗುವಾಗ ಕಾಗದ, ಸಕ್ಕರೆ, ಗಂಧಕದ ಹತ್ತಿರ ಇಡಬೇಡಿ.

ಪಕ್ಕದಲ್ಲಿ 10% ಸೋಡಿಯಂ ಥಯೋಸಲ್ಫೇಟ್ ಬೀಕರ್ ಇರಲಿ. ಚೆಲ್ಲಿದ್ದಕ್ಕೂ ಉಳಿದ ಬ್ರೋಮಿನ್ ನೀರಿಗೂ ಅದೇ, ಬಣ್ಣ ಪೂರ್ತಿ ಹೋದ ಮೇಲೆ ಸಾಕಷ್ಟು ನೀರಿನೊಂದಿಗೆ ಬಿಡಿ. ಬ್ರೋಮಿನ್ ಸೇರಿದ ಹೆಕ್ಸೇನ್, ಸೈಕ್ಲೋಹೆಕ್ಸೀನ್ ಪದರಗಳನ್ನು ಸಿಂಕಿಗೆ ಸುರಿಯಬೇಡಿ, ಹ್ಯಾಲೋಜನ್ ತ್ಯಾಜ್ಯ ಎಂದು ಬರೆದ ಬೇರೆ ಬಾಟಲಿಗೆ ಹಾಕಿ. ಮ್ಯಾಂಗನೀಸ್ ಡೈಆಕ್ಸೈಡ್ ಕಂದು ಹಿಡಿದ ಪ್ರನಾಳಗಳನ್ನು ಉಜ್ಜಿ ಪ್ರಯೋಜನವಿಲ್ಲ, ಆಕ್ಸಾಲಿಕ್ ಆಮ್ಲದ ದ್ರಾವಣಕ್ಕೆ ಎರಡು ಹನಿ ದುರ್ಬಲ ಸಲ್ಫ್ಯೂರಿಕ್ ಆಮ್ಲ ಸೇರಿಸಿ ಬೆಚ್ಚಗೆ ಮಾಡಿ ತೊಳೆದರೆ ಹೋಗುತ್ತದೆ.